ಜಲಮಂತ್ರಿ

ಮಾಲಿ ಹಸಿರು ಪೈಪನ್ನು ಮಡಿಸಿ ಹಿಡಿದಿದ್ದಾನೆ, ಒಂದು ಕುಂಡದಿಂದ ಇನ್ನೊಂದಕ್ಕೆ ಹೋಗುವಷ್ಟು ಹೊತ್ತು ಮಾತ್ರ, ಮಡಿಸಿದಲ್ಲಿ ನೀರು ನಿಂತಿದೆ, ಆ ಕಡೆ ಪೈಪು ಸೊರಗಿ ಮಲಗಿದೆ, ಈ ಕಡೆ ಉಬ್ಬುತ್ತಿದೆ — ಬಿಡಯ್ಯಾ, ಬೇಗ ಬಿಡು, ಹಾಗೆ ಹಿಡೀಬೇಡ — ಮಾತು ಬಾಯಿಂದ ಹೊರಗೇ ಬಂತೋ ಏನೋ, ಪಕ್ಕದಲ್ಲಿ ಕೂತ ಅಕ್ಕ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟಳು, ಏನೋ ಅಂದ್ಯಲ್ಲ, ಏನಿಲ್ಲ ಬಿಡಕ್ಕ, ಬೆಳಗ್ಗೆಯಿಂದ ಏನೂ ತಿಂದಿಲ್ಲ ನೀನು, ಹಸಿವಿಲ್ಲ ಬಿಡಕ್ಕ. ಗಲಭೆಯ ವಿಚಾರಣೆ ನಡೆಯುವ ಕೋಣೆಗೆ ಅರ್ಧ ಬಾಗಿಲು, ಕೆಳಗಿನಿಂದ ಕಾಲುಗಳು ಕಾಣುತ್ತವೆ, ಮೇಲಿನಿಂದ ಮಾತು ಕೇಳುತ್ತದೆ, ಒಳಗೆ ಕೂತು ಮಾತಾಡುತ್ತಿರುವುದು ನನ್ನ ಭಾವ, ಅಕ್ಕನ ಗಂಡ, ಕಾಲೇಜಿನಲ್ಲಿ ಪೌರನೀತಿ ಹೇಳಿಕೊಡುವ ಮೇಷ್ಟ್ರು, ಹೊಲಿಗೆ ಹಾಕಿದ ಕೆನ್ನೆಯಲ್ಲೂ ಆ ದನಿ ಒಂಚೂರು ಕೆಟ್ಟಿಲ್ಲ ನೋಡು, ಸಮಾಜ ಒಡೆದುಹೋಗಿದೆ ಸ್ವಾಮಿ, ನಮ್ಮಂಥ ಮನಸ್ಸಾಕ್ಷಿ ಇರೋರು ಎರಡೂ ಕಡೆಯವರ ಮಧ್ಯೆ ಸಿಕ್ಕಿ ನಲುಗ್ತಾ ಇದ್ದೀವಿ — ನಲುಗು, ನಲುಗು, ಚೆನ್ನಾಗಿ ನಲುಗು. ಎದುರು ಬೆಂಚಿನಲ್ಲಿ ಅತ್ತಿಗೆ ಒಬ್ಬಳೇ ಕೂತಿದ್ದಾಳೆ. ಅತ್ತಿಗೆ ಅಂದರೆ ಅಣ್ಣನ ಹೆಂಡತಿ ಅಲ್ಲ, ನನಗೆ ಅಣ್ಣನೇ ಇಲ್ಲ, ಟೈಲರಣ್ಣನ ಹೆಂಡತಿ, ರಸ್ತೆಯ ಆ ಕಡೆಯವಳು. ಮೊದಲೆಲ್ಲ ರಸ್ತೆಗೆ ಕಡೆಗಳೇ ಇರಲಿಲ್ಲ, ದಾಟುವುದಕ್ಕೆ ಇದ್ದ ರಸ್ತೆ ಅದು. ನನ್ನನ್ನು ನೋಡುತ್ತಿದ್ದಾಳೆ, ಬೈಯುವ ನೋಟವಾದರೂ ಆಗಿದ್ದರೆ ತಲೆ ತಗ್ಗಿಸಿ ಕೂರಬಹುದಿತ್ತು, ಇವಳದು ಬರೀ ಕೇಳುವ ನೋಟ, ಸುಟ್ಟ ಮನೆಯ ಮುಂದೆ ನಿಂತು ಕೇಳಿದ್ದಳಲ್ಲ ಅವತ್ತು, ತಮ್ಮಾ, ಬರ್ತಾ ಇದ್ದ ನೀರು ಯಾಕೆ ನಿಂತೋಯ್ತು, ಆಮೇಲೆ ನಾನು ಎಲ್ಲೆಲ್ಲಿ ಸಿಕ್ಕೆನೋ ಅಲ್ಲೆಲ್ಲ ಅದೇ, ಯಾಕೆ ನಿಂತೋಯ್ತು.

ನಾನು ಫೈರ್ ಇಂಜಿನ್ನಿನ ಪಂಪ್ ಆಪರೇಟರ್, ಉಳಿದವರು ಬೆಂಕಿಯ ಮುಂದೆ ಓಡುತ್ತಾರೆ, ನಾನು ಗಾಡಿಯ ಹಿಂದೆ ನಿಂತು ನೀರಿನ ಒತ್ತಡದ ಗೇಜಿನ ಮುಳ್ಳು ನೋಡುತ್ತೇನೆ, ಜಗತ್ತು ಮುಳುಗಿದರೂ ಪಂಪು ಬಿಟ್ಟು ಕದಲಬಾರದು, ಕೆಲಸಕ್ಕೆ ಸೇರಿದ ದಿನವೇ ತಲೆಗೆ ತುಂಬಿದ ಮಾತು. ಹಾಗಾದ್ರೆ ನೀನು ಜಲಮಂತ್ರಿ ಅಂತ ಹೆಸರಿಟ್ಟವನು ಟೈಲರಣ್ಣನೇ, ಅವನ ಅಂಗಡಿಯಲ್ಲಿ, ರಜೆ ದಿನದ ಮಧ್ಯಾಹ್ನ, ಕತ್ತರಿ ಪಕ್ಕಕ್ಕಿಟ್ಟು ಬಟ್ಟೆ ಚೂರುಗಳನ್ನು ಕಾಲಲ್ಲಿ ಸರಿಸಿ ನಮಗೆ ಸ್ಟೂಲು ಹಾಕುತ್ತಿದ್ದ, ಇವತ್ತು ಸಂಪುಟ ಸಭೆ ಶುರು, ಮೇಷ್ಟ್ರೇ ನೀವು ಪ್ರಧಾನಿ, ನಮ್ಮ ತಮ್ಮ ಜಲಮಂತ್ರಿ, ನೀನು ಏನೋ ಅಂತ ಭಾವ ಕೇಳಿದರೆ, ನಾನು ವಿರೋಧ ಪಕ್ಷ ಮೇಷ್ಟ್ರೇ, ನನ್ನ ಕೈಯಲ್ಲಿ ಕತ್ತರಿ ಇದೆ — ಎಷ್ಟು ನಗುತ್ತಿದ್ದೆವು, ಮೇಲಿನ ಕೋಣೆಯಲ್ಲಿ ಮಲಗಿರುವ ಅವನ ತಾಯಿ ಕೋಲಿನಿಂದ ಹಲಗೆ ಕುಟ್ಟುವವರೆಗೂ ನಗುತ್ತಿದ್ದೆವು, ಮೆತ್ತಗೆ ಆಳ್ರೋ, ನಿಮ್ಮ ರಾಜ್ಯದಲ್ಲಿ ಮುದುಕರು ನಿದ್ದೆ ಮಾಡೋ ಹಾಗಿಲ್ವೇನ್ರೋ. ಭಾವ ಮಾತಾಡಿದರೆ ಕೇಳಬೇಕು, ಸಾರ್ವಜನಿಕ ಸೇವೆ ಅಂದ್ರೆ ಅಧಿಕಾರ ಅಲ್ಲಪ್ಪ, ಎದುರಿಗಿರೋನ ಕಷ್ಟ ನನ್ನ ಕಷ್ಟ ಅನ್ನಿಸ್ಬೇಕು, ಆವಾಗ ಮಾತ್ರ ಅದು ಸೇವೆ, ಹೇಳುತ್ತ ಹೇಳುತ್ತ ಒಂದು ಬೆರಳು ಮೇಲೆತ್ತುತ್ತಿದ್ದ, ನಡುವೆ ಯಾರೂ ಬಾಯಿ ಹಾಕದ ಹಾಗೆ, ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ, ಇಂಥವನು ನನ್ನ ಅಕ್ಕನ ಗಂಡ ಅಂತ ಎದೆ ಉಬ್ಬುತ್ತಿತ್ತು, ಥೂ. ಆಮೇಲೆ ನಗರಸಭೆಗೆ ನಿಲ್ಲುತ್ತೇನೆ ಅಂದ ದಿನ ಟೈಲರಣ್ಣ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಕೇಳಿದ, ಸೇವೆ ಮಾಡೋಕೆ ಸೀಟ್ ಯಾಕೆ ಮೇಷ್ಟ್ರೇ, ನಿಂತ್ಕೊಂಡೇ ಮಾಡಬಹುದಲ್ಲ. ಭಾವ ನಗಲಿಲ್ಲ, ಅವತ್ತು ಮೊದಲ ಸಲ ನಗಲಿಲ್ಲ. ಆದರೂ ಅಳತೆ ಕೊಟ್ಟ, ನಾಮಪತ್ರ ಸಲ್ಲಿಸುವ ದಿನಕ್ಕೆ ಬಿಳಿ ಅಂಗಿ ಬೇಕಲ್ಲ, ಟೈಲರಣ್ಣ ಕಾಲರಿಗೆ ಕೈಹೊಲಿಗೆ ಹಾಕಿದ, ಕತ್ತಿಗೆ ಚುಚ್ಚಬಾರದು ಮೇಷ್ಟ್ರಿಗೆ, ಭಾಷಣ ಜಾಸ್ತಿ ಇರತ್ತೆ. ಮೇಷ್ಟ್ರೇ, ನಮ್ಮ ಅಂಗಡಿ ಬಾಗಿಲ ಮೇಲೆ ಹೊಲಸು ಬರೆದವರು ನಿಮ್ಮ ಕಾಲೇಜಿನ ಹುಡುಗರೇ, ಒಂದು ಮಾತು ಹೇಳಿ ಅವರಿಗೆ, ಅಂದ. ಹುಡುಗರು ಕಣಯ್ಯ, ಬಿಸಿರಕ್ತ, ಚುನಾವಣೆ ಮುಗೀಲಿ, ಕೂರಿಸ್ಕೊಂಡು ಹೇಳ್ತೀನಿ. ಮುಗೀಲಿ ಅಂದ, ಎಲ್ಲ ಮುಗಿದೇ ಹೋಯಿತು.

ಅವತ್ತು ಗಂಟೆ ಹೊಡೆದದ್ದು ಊಟದ ಹೊತ್ತಿಗೆ, ಕೈ ತೊಳೆಯದೆ ಎದ್ದು ಓಡಿದ್ದು, ಬೀದಿಯ ಹೆಸರು ಕೇಳಿದ ಕೂಡಲೇ, ಟೈಲರಣ್ಣನ ಬೀದಿ ಅಂತ, ಎಲ್ಲರಿಗಿಂತ ಮೊದಲು ಗಾಡಿ ಹತ್ತಿದೆ. ತಿರುವಿನಲ್ಲೇ ಗಾಡಿ ನಿಲ್ಲಿಸಬೇಕಾಯಿತು, ಮುಂದೆ ಜನ, ಕಲ್ಲು, ನಮ್ಮ ಡ್ರೈವರನ ಹಣೆ ಒಡೆದು ರಕ್ತ ಸ್ಟೇರಿಂಗ್ ಮೇಲೆ, ಫೈರ್ ಇಂಜಿನ್ನಿಗೂ ಕಲ್ಲು ಹೊಡೀತೀರೇನ್ರೋ ನಿಮ್ಮ ಮನೆ ಹಾಳಾಗ, ಹೆಲ್ಮೆಟ್ಟಿನ ಮೇಲೆ ಠಣ್ ಠಣ್, ನಮ್ಮವರು ಪೈಪು ಬಿಚ್ಚಿಕೊಂಡು ತಿರುವು ದಾಟಿ ಓಡಿದರು, ಅಲ್ಲಿಂದಾಚೆ ನನಗೆ ಏನೂ ಕಾಣುವುದಿಲ್ಲ, ಪೈಪು ಕಾಣುತ್ತದೆ, ಮುಳ್ಳು ಕಾಣುತ್ತದೆ, ಹೊಗೆ ಕಾಣುತ್ತದೆ. ನೀರು ಬಿಟ್ಟೆ. ಚಪ್ಪಟೆ ಪೈಪು ಜೀವ ಬಂದು ಎದ್ದಿತು, ಅಂಗಡಿ ಹೊತ್ತಿದೆ, ಮೆಟ್ಟಿಲು ಒದ್ದೆ ಮಾಡ್ತಾ ಇದ್ದೀವಿ, ಮೇಲೆ ಮುದುಕಿ ಇದ್ದಾಳಂತೆ, ಮಗ ಇಳಿಸ್ಕೊಂಡು ಬರ್ತಾನೆ, ನೀರು ಬಿಡ್ತಾ ಇರು ಅಂತ ಕೂಗು, ಬಿಡ್ತಾ ಇದ್ದೀನಿ ಟೈಲರಣ್ಣ, ಇಳಿ, ನಿನ್ನ ಜಲಮಂತ್ರಿ ಇಲ್ಲೇ ಇದ್ದಾನೆ, ಅವಳನ್ನ ಹೊತ್ಕೊಂಡು ಇಳಿ, ನಾನು ಗೇಜಿಗೆ ಹೇಳುತ್ತಿದ್ದೆ, ಹಿತ್ತಲ ಕಿಟಕಿಯಿಂದ ಅತ್ತಿಗೆಯನ್ನು ಇಳಿಸಿ ಅವನು ತಾಯಿಗೋಸ್ಕರ ಮತ್ತೆ ಮೇಲೆ ಹೋದದ್ದು ನನಗೆ ಆಮೇಲೆ ಗೊತ್ತಾಯಿತು. ಆಗ ಮುಳ್ಳು ಏರಿತು. ಪೈಪು ಒಡೆದರೆ ಇಳಿಯಬೇಕು ಮುಳ್ಳು, ಇದು ಏರಿತು, ಪಂಪಿನ ಸದ್ದು ಬಿಗಿಯಾಯಿತು, ಆ ಕಡೆಯಿಂದ ನೀರೂ ನೀರೂ ಅಂತ ಅರಚಾಟ, ಈ ಕಡೆ ನನ್ನ ಕಾಲ ಬಳಿ ಪೈಪು ಕಲ್ಲಿನ ಹಾಗೆ ಗಟ್ಟಿ, ಅಂದರೆ ನಡುವೆ ಎಲ್ಲೋ ಯಾರೋ — ಪಂಪು ಬಿಟ್ಟು ಕದಲಬಾರದು, ಸುಡ್ಲಿ ನಿಮ್ಮ ನಿಯಮ, ಕೈಗೆ ಸಿಕ್ಕ ಸ್ಪ್ಯಾನರ್ ಹಿಡಿದು ಪೈಪಿನ ಗುಂಟ ಓಡಿದೆ, ತಿರುವಿನಾಚೆ, ಬೀದಿಗೆ ಅಡ್ಡ, ಬೆಳ್ಳಗಿನ ಕಾರು. ಮುಂದಿನ ಚಕ್ರ ಸರಿಯಾಗಿ ಪೈಪಿನ ಮೇಲೆ. ಈ ಕಡೆ ಉಬ್ಬಿದೆ, ಆ ಕಡೆ ಚಪ್ಪಟೆ. ಕಾರು ನನಗೆ ಗೊತ್ತು, ಪ್ರತಿ ಹಬ್ಬಕ್ಕೂ ನಾನೇ ತೊಳೆದುಕೊಟ್ಟ ಕಾರು.

ಗಾಜು ಏರಿಸಿತ್ತು, ಎಂಜಿನ್ ಓಡುತ್ತಿತ್ತು, ಕಾರಿನ ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ, ಇದನ್ನು ಮತ್ತೆ ಮತ್ತೆ ಹೇಳಿಕೊಳ್ಳಬೇಕು ನಾನು, ಇಲ್ಲದಿದ್ದರೆ ಗುಂಪಿನವರು ತಳ್ಳಿ ನಿಲ್ಲಿಸಿದರು ಅಂತ ಅಕ್ಕ ಹೇಳುವುದೇ ನಿಜವಾಗಿಬಿಡುತ್ತದೆ, ಕತ್ತಿಯಿಲ್ಲ, ಬಂದೂಕಿಲ್ಲ, ಕುತ್ತಿಗೆ ಪಟ್ಟಿ ಹಿಡಿದವರಿಲ್ಲ, ಆಚೆ ಕಂಬಕ್ಕೆ ಒರಗಿದ್ದ ಚೌಕಳಿ ಅಂಗಿಯವನೊಬ್ಬ, ಅಂಗೈ ಕೆಳಗೆ ಮಾಡಿ ಮೆಲ್ಲಗೆ ಗಾಳಿ ತಟ್ಟುತ್ತಿದ್ದ, ಇರಲಿ ಮೇಷ್ಟ್ರೇ, ಅಲ್ಲೇ ಇರಲಿ, ಏನವಸರ, ಅಷ್ಟೇ. ಒಳಗೆ ಭಾವ, ಮೈಮೇಲೆ ಕೈಹೊಲಿಗೆಯ ಕಾಲರಿನ ಬಿಳಿ ಅಂಗಿ. ತೆಗೀರಿ ಭಾವ, ಚಕ್ರ ಪೈಪಿನ ಮೇಲಿದೆ, ಟೈಲರಣ್ಣ ಒಳಗಿದ್ದಾನೆ, ಗಾಜು ಬಡಿದೆ, ಭಾವ ನನ್ನನ್ನು ನೋಡಿದ, ಗುರುತು ಹಿಡಿದ, ಮತ್ತೆ ಒಂದು ಬೆರಳು ಎತ್ತಿದ. ಅದೇ ಬೆರಳು. ಒಂದು ನಿಮಿಷ. ಒಂದು ನಿಮಿಷ ಅಂತೆ! ಪಿತ್ತ ನೆತ್ತಿಗೇರಿದ್ದು ಆಗಲೇ, ಮೊದಲ ಏಟಿಗೆ ಗಾಜು ಪುಡಿ, ಎರಡನೆಯದು ಸ್ಟೇರಿಂಗ್ ಹಿಡಿದ ಕೈಗೆ, ಮೂಳೆ ಮುರಿದ ಸದ್ದು ನನ್ನ ಮೊಣಕೈವರೆಗೂ ಬಂತು, ಅಲ್ಲಿಗೆ ಬಿಡಬಹುದಿತ್ತು, ಕೈ ಬಿಟ್ಟಿದ್ದ, ನಾನೇ ಗಾಡಿ ಹಿಂದಕ್ಕೆ ತೆಗೆಯಬಹುದಿತ್ತು, ಬಿಡಲಿಲ್ಲ, ಕೆನ್ನೆಗೆ ಇನ್ನೊಂದು ಬಿಟ್ಟೆ, ಆ ಏಟು ಟೈಲರಣ್ಣನಿಗಾಗಿ ಅಲ್ಲ, ನೀರಿಗಾಗಿಯೂ ಅಲ್ಲ, ಸ್ಟೂಲಿನ ಮೇಲೆ ಕೂತು ಬಾಯಿ ಬಿಟ್ಟುಕೊಂಡು ಕೇಳಿದ ಅಷ್ಟೂ ಮಧ್ಯಾಹ್ನಗಳಿಗಾಗಿ, ಚೆನ್ನಾಗಿತ್ತು, ಸುಳ್ಳು ಯಾಕೆ, ಬಿಳಿ ಅಂಗಿಯ ಮೇಲೆ ರಕ್ತ ಚಿಮ್ಮಿದಾಗ ನನ್ನ ಹೊಟ್ಟೆ ತಣ್ಣಗಾಯಿತು, ಈಗಲೂ ಆ ದನಿ ಕೇಳಿದರೆ ಅಂಗೈ ಸ್ಪ್ಯಾನರ್ ಹುಡುಕುತ್ತದೆ. ಅವನನ್ನು ಪಕ್ಕಕ್ಕೆ ತಳ್ಳಿ ಗಾಡಿ ಹಿಂದಕ್ಕೆ ತೆಗೆದೆ, ಪೈಪು ಬುಸ್ಸೆಂದು ಆ ಕಡೆಗೂ ತುಂಬಿಕೊಂಡಿತು, ನೀರು ಹೋಯಿತು, ಮೆಟ್ಟಿಲು ಆಗಲೇ ಇರಲಿಲ್ಲ. ಅರ್ಧ ಇಳಿದಿದ್ದನಂತೆ. ಬಟ್ಟೆಯ ಥಾನಿನಿಂದ ತಾಯಿಯನ್ನು ಬೆನ್ನಿಗೆ ಕಟ್ಟಿಕೊಂಡಿದ್ದನಂತೆ, ಇಬ್ಬರನ್ನೂ ಬಿಡಿಸಲು ಆಗಲಿಲ್ಲ, ಹಾಗೇ ಒಟ್ಟಿಗೆ ಎತ್ತಿದೆವು, ನಾನು ಒಂದು ತುದಿ ಹಿಡಿದಿದ್ದೆ.

ನೋಡೋ, ಇನ್ನು ನಿನ್ನನ್ನ ಕರೀತಾರೆ, ಅಕ್ಕನ ಬಾಯಿ ನನ್ನ ಕಿವಿಯ ಹತ್ತಿರ, ನನ್ನನ್ನು ಎತ್ತಿ ಆಡಿಸಿದ ಅಕ್ಕ, ಅಮ್ಮ ಹೋದ ಮೇಲೆ ಅಮ್ಮನೇ ಆದವಳು, ಅವರಂತೂ ನಿನ್ನ ಮೇಲೆ ಒಂದು ಮಾತು ಹೇಳಿಲ್ಲ ಕಣೋ, ಮುಖಕ್ಕೆ ಹೊಡೆದವರು ಯಾರು ಅಂದ್ರೆ ಗುಂಪಿನವರು ಅಂದಿದ್ದಾರೆ, ನಿನ್ನ ಕೆಲಸ ಉಳಿಸಿದ್ದಾರೆ, ನೀನೂ ಅಷ್ಟೇ ಹೇಳು, ಗುಂಪಿನವರು ಗಾಡಿ ತಳ್ಕೊಂಡು ಬಂದು ನಿಲ್ಲಿಸಿದ್ರು ಅಂತ, ನಿನಗೆ ಕೈ ಮುಗೀತೀನಿ. ಆಸ್ಪತ್ರೆಯಲ್ಲಿ ಭಾವ ಅದನ್ನೇ ಹೇಳಿದ್ದು, ತುಟಿಯ ಸಂದಿಯಿಂದ, ನಾನು ನಿನ್ನ ಸ್ಪ್ಯಾನರ್ ನೋಡಿಲ್ಲಪ್ಪ, ನೀನು ನನ್ನ ಗಾಡಿ ನೋಡಿಲ್ಲ, ಆಗಬೇಕಾದ ಕೆಲಸ ಬೇಕಾದಷ್ಟಿದೆ, ಗೆದ್ರೆ ಆ ಬೀದಿಗೆ ನಾನೇ ಮೊದಲು — ಏನು, ನಲ್ಲಿ ಹಾಕಿಸುತ್ತೀಯಾ? ಆದರೂ ಸುಮ್ಮನೆ ಬಂದೆ, ಅಕ್ಕನ ಮುಖ ನೋಡಿ ಸುಮ್ಮನೆ ಬಂದೆ, ಇವತ್ತು ಬೆಳಗ್ಗೆಯೂ ಅಕ್ಕ ಅಂದ ಹಾಗೇ ಹೇಳಿಬಿಡೋಣ ಅಂತಲೇ ಹೊರಟೆ, ಗುಂಪಿನವರು ತಳ್ಳಿದರು ಸ್ವಾಮಿ, ಹೆದರಿರಬಹುದು ಪಾಪ, ಹೆದರಿಕೆ ಯಾರಿಗಿಲ್ಲ, ಸತ್ತವನು ಹೇಗೂ ಬರುವುದಿಲ್ಲ, ಅಕ್ಕನ ಸಂಸಾರ ಯಾಕೆ ಬೀದಿಗೆ ಬರಬೇಕು, ನನಗೂ ಜೈಲು ಯಾಕೆ. ಗೇಟಿನ ಹತ್ತಿರ ಅದೇ ಬೆಳ್ಳಗಿನ ಕಾರು ನಿಂತಿದೆ, ಹೊಸ ಗಾಜಿನ ಮೇಲೆ ಅಂಗಡಿಯ ಚೀಟಿ ಇನ್ನೂ ಕಿತ್ತಿಲ್ಲ, ಕೈ ಮುರಿದ ಭಾವನಿಗೆ ಓಡಿಸಲಾಗದಲ್ಲ, ಪಕ್ಷದವರು ಒಬ್ಬ ಡ್ರೈವರನ್ನು ಕೊಟ್ಟಿದ್ದಾರಂತೆ, ಒಳ್ಳೆಯವನು ಪಾಪ, ಬೆಳಗಾದ್ರೆ ಬಂದು ನಿಲ್ತಾನೆ ಅಂತ ಅಕ್ಕ, ಅಲ್ಲಿ ಕೂತಿದ್ದಾನೆ ನೋಡು. ನೋಡಿದೆ. ಮಾಲಿ ಕಾರಿನ ಹತ್ತಿರದ ಕುಂಡಕ್ಕೆ ಪೈಪು ಎಳೆದುಕೊಂಡು ಹೋಗಿ, ಸ್ವಲ್ಪ ಗಾಡಿ ಸರಿಸ್ತೀರಾ ಅಂತ ಕೇಳುತ್ತಿದ್ದಾನೆ, ಡ್ರೈವರು ಎದ್ದೇಳಲಿಲ್ಲ, ತಲೆಯನ್ನೂ ಎತ್ತಲಿಲ್ಲ, ಅಂಗೈ ಕೆಳಗೆ ಮಾಡಿ ಮೆಲ್ಲಗೆ ಗಾಳಿ ತಟ್ಟಿದ, ಇರಲಿ ಇರಲಿ, ಏನವಸರ.

ಎದ್ದೆ, ಕೂತ್ಕೊಳೋ ಎಲ್ಲಿಗೆ ಅಂತ ಅಕ್ಕ, ಅಂಗಳಕ್ಕೆ ಇಳಿದೆ, ಬಿಸಿಲು, ಮಾಲಿಯ ಪೈಪು ನನ್ನ ಕಾಲ ಮುಂದೆ ಉದ್ದಕ್ಕೆ ಬಿದ್ದಿದೆ, ಒಳಗೆ ದನಿ ಇನ್ನೂ ಓಡುತ್ತಿದೆ, ಎದುರಿಗಿರೋನ ಕಷ್ಟ ನನ್ನ ಕಷ್ಟ ಅನ್ನಿಸ್ಬೇಕು ಸ್ವಾಮಿ, ಅತ್ತಿಗೇ ಅಂತ ಕರೆದೆ, ಆಕೆ ಬಾಗಿಲಿಗೆ ಬಂದು ನಿಂತಳು, ಅಕ್ಕನೂ ಬಂದಳು, ಇಬ್ಬರೂ ಒಂದೇ ಹೊಸ್ತಿಲ ಮೇಲೆ, ಬೂಟುಗಾಲು ಎತ್ತಿ ಪೈಪಿನ ಮೇಲಿಟ್ಟೆ, ಇಡೀ ಮೈಭಾರ ಹಾಕಿ ತುಳಿದೆ. ಅಯ್ಯೋ ನೀರು ನಿಂತೋಯ್ತಲ್ಲ ಅಂತ ಮಾಲಿ ತಿರುಗಿದ. ಅತ್ತಿಗೆ ನೀರು ನಿಂತ ಪೈಪಿನ ಬಾಯಿ ನೋಡಿದಳು, ಅಲ್ಲಿಂದ ಪೈಪಿನ ಗುಂಟ ಕಣ್ಣು ತಂದು ನನ್ನ ಬೂಟು ನೋಡಿದಳು, ಆಮೇಲೆ ನನ್ನ ಮುಖ. ನಾನು ಕೈಯೆತ್ತಿ ಕಾರಿನ ಮುಂದಿನ ಚಕ್ರ ತೋರಿಸಿದೆ. ಅದು, ಅತ್ತಿಗೇ. ನಮ್ಮ ಭಾವಂದು. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು, ಒಳಗಿನ ದನಿ ನಡುವೆ ನಿಂತಿತು, ಯಾರೋ ನನ್ನನ್ನು ಕರೆಯುತ್ತಿದ್ದಾರೆ, ಪಂಪ್ ಆಪರೇಟರ್ ಯಾರ್ರೀ, ಒಳಗೆ ಬನ್ನಿ, ಬರುತ್ತೇನೆ, ಸ್ಪ್ಯಾನರಿನ ಮಾತೂ ಹೇಳುತ್ತೇನೆ, ಬರುತ್ತೇನೆ, ಕಾಲು ಏಳುತ್ತಿಲ್ಲ, ಎತ್ತು, ಎತ್ತಿದರೆ ನೀರು ಹೋಗುತ್ತದೆ, ಮೆಟ್ಟಿಲ ಮೇಲೆ ಅವನು ಬೆನ್ನಿಗೆ ತಾಯಿಯನ್ನು ಕಟ್ಟಿಕೊಂಡು ನಿಂತಿದ್ದಾನೆ, ಎತ್ತು, ಚಕ್ರ, ಈ ಕಡೆ ಉಬ್ಬಿದೆ, ಆ ಕಡೆ ಚಪ್ಪಟೆ, ಚಕ್ರ, ಈ ಕಡೆ ಉಬ್ಬಿದೆ, ಆ ಕಡೆ