ಡಾಬಕಾ ಬಾವಿಯ ಬಾಟಲಿ

ಮಚ್ಛೇಂದ್ರನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಬೀದರದ ಆರೋಗ್ಯ ಇಲಾಖೆಯ ಪಡಸಾಲೆಯಲ್ಲಿ ಬೆಳಗಿನಿಂದ ಅಡ್ಡಾಡುತ್ತಲೇ ಇದ್ದ. ಜವಾನ ಬೈದು ಬೈದು ಸುಸ್ತಾಗಿ ಸುಮ್ಮನಾಗಿದ್ದ. ಹೇಗೆ ಕೂತಾನು ಹೇಳಿ? ಅಣ್ಣ ನರಸಿಂಗ ಔರಾದ ಠಾಣೆಯಲ್ಲಿ ಕಂಬಿಯ ಹಿಂದಿದ್ದಾನೆ.

ಆದದ್ದಿಷ್ಟು. ಡಾಬಕಾದ ಊರಬಾವಿ ಎಣ್ಣೆ ನಾತ ಹೊಡೆಯಿತು. ಬಾವಿ ದಂಡೆಯ ಮೇಲಿದ್ದ ಶಿವರಾಜಪ್ಪನವರ ಡೀಸೆಲ್ ಇಂಜಿನ್ನು ಸೋರುತ್ತದೆಂದು ಊರಿಗೆಲ್ಲ ಗೊತ್ತು. ಆದರೆ ನರಸಿಂಗ ಭಾಲ್ಕಿಯಿಂದ ದೀಪಕ್ಕೆ ಹಾಕುವ ಚಿಮಣಿ ಎಣ್ಣೆ ತಂದು ಮಾರುವವ. ಮೇಲಾಗಿ ಬುದ್ಧನ ದೀಕ್ಷೆ ತೆಗೆದುಕೊಂಡ ಓಣಿಯವ, ಆ ಓಣಿಗೆ ಈ ಬಾವಿಯ ಹಗ್ಗ ಮುಟ್ಟಗೊಡುತ್ತಿರಲಿಲ್ಲ. ಸಿಟ್ಟಿಗೆ ಅವನೇ ಸುರಿದನೆಂದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟುವ ಫೌಜದಾರರು ಅವನನ್ನು ಎಳೆದೊಯ್ದರು.

ನೀರನ್ನು ಪರೀಕ್ಷೆಗೆ ಕಳಿಸಿರೆಂದು ಕಾಲು ಹಿಡಿದವನು ಮಚ್ಛೇಂದ್ರನೇ. ಮೊದಲಾಗಿದ್ದರೆ ಹೈದರಾಬಾದಿಗೆ, ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಎಲ್ಲದಕ್ಕೂ ಬೆಂಗಳೂರು.

ಕೊನೆಗೂ ಸಾಹೇಬರಾದ ಅಬ್ದುಲ ಗಫೂರರು ಒಳಗೆ ಕರೆದು ಉದ್ದನೆಯ ಕಾಗದ ಬಿಚ್ಚಿದರು. ಗ್ಯಾಸ್ ಕ್ರೊಮೆಟೊಗ್ರಾಫ್ ಎಂಬ ಹೊಸ ಯಂತ್ರವಂತೆ. ಎಣ್ಣೆಯನ್ನು ಕಾಸಿ ಆವಿ ಮಾಡಿ ಸಪೂರ ಕೊಳವೆಯಲ್ಲಿ ಗ್ಯಾಸಿನ ಜೊತೆ ಓಡಿಸುತ್ತದಂತೆ. ಹಗುರಾದದ್ದು ಮೊದಲು ಹೊರಬರುತ್ತದೆ, ಭಾರವಾದದ್ದು ತಡವಾಗಿ. ಒಂದೊಂದು ಬಂದಾಗಲೂ ಮುಳ್ಳು ಕಾಗದದ ಮೇಲೆ ಒಂದೊಂದು ಗುಡ್ಡ ಗೀಚುತ್ತದೆ. ಆ ತುದಿಯ ತನಕ ಸಾಲುಗಟ್ಟಿದ್ದು ಡೀಸೆಲ್ ಎಂದರು. ಮಚ್ಛೇಂದ್ರನಿಗೆ ಹೋದ ಜೀವ ಬಂದಂತಾಯಿತು.

“ಆದ್ರ ಮೊದಲಿನ ಈ ಗುಡ್ಡ ನೋಡು, ಹೆಚ್ಚಿಗಿ ಎದ್ದಾವ. ಚಿಮಣಿ ಎಣ್ಣಿನೂ ಅದ,” ಎಂದರು ಗಫೂರ.

ಹಾಗಾದರೆ ಅಣ್ಣ ಸುರಿದದ್ದು ಖರೆಯೇ? ತಾಯಿಯ ಮೇಲೆ ಆಣೆ ಮಾಡಿದ್ದನಲ್ಲ! ಥೂ, ಒಡಹುಟ್ಟಿದವನನ್ನು ಸಂಶಯಿಸುವ ತನ್ನ ಮೇಲೇ ಅವನಿಗೆ ಹೇಸಿಗೆಯಾಯಿತು.

ಅಷ್ಟರಲ್ಲಿ ಗಫೂರರು ಬೆಂಗಳೂರಿನಿಂದ ಮರಳಿದ ಬಾಟಲಿಯನ್ನು ಮೇಜಿನ ಮೇಲಿಟ್ಟು, ನೀರು ತುಂಬಲೆಂದು ನಾವು ಊರಿಗೆ ಕಳಿಸಿದ ಇಲಾಖೆಯ ಬಾಟಲಿ ಇದಲ್ಲವಲ್ಲ ಎಂದು ಕೇಳಿದರು. ಅಲ್ಲವೇ ಅಲ್ಲ, ಅದು ಮಚ್ಛೇಂದ್ರನ ಮನೆಯದು! ನೀರು ತುಂಬುವ ದಿನ ಬೀದರಿಗೆ ಒಯ್ಯಲೆಂದು ಅವನು ಕೈ ಚಾಚಿದರೆ, ಪಂಚನಾಮೆಗೆ ಸಾಕ್ಷಿಯಾಗಿ ನಿಂತ ಪಂಚ ಬಕ್ಕಪ್ಪ ಸರ್ಕಾರಿ ಬಾಟಲಿಯನ್ನು ಹಿಂದಕ್ಕೆಳೆದುಕೊಂಡಿದ್ದ. ನಿಮ್ಮದನ್ನೇ ತಾ ಎಂದಿದ್ದ. ಇವನು ಓಡಿಹೋಗಿ ತಂದು ಹಿಡಿದ ಬಾಟಲಿಗೆ ಮಾರುದ್ದ ಮೇಲಿನಿಂದ ನೀರು ಸುರಿದಿದ್ದ. ಎಣ್ಣೆ ಮಾರುವವರ ಮನೆಯಲ್ಲಿ ಎಣ್ಣೆ ಕಾಣದ ಬಾಟಲಿ ಎಲ್ಲಿಂದ ಬರಬೇಕು? ಬೂದಿ ಹಾಕಿ ತಿಕ್ಕಿ ಮೂಸಿ ನೋಡಿದ್ದ, ನಾತ ಇರಲಿಲ್ಲ. ಯಂತ್ರದ ಮೂಗು ಅದನ್ನೂ ಹಿಡಿದಿತ್ತು.

ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದ. ಗಫೂರರು ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಇದೇ ಬಾಟಲಿಗೆ ಶುದ್ಧ ನೀರು ತುಂಬಿ ಮತ್ತೆ ಕಳಿಸಬಹುದು, ಅದರಲ್ಲೂ ಆ ಗುಡ್ಡಗಳೇ ಎದ್ದರೆ ತಪ್ಪು ಬಾಟಲಿಯದೆಂದು ಸಾಬೀತಾಗುತ್ತದೆ, ನರಸಿಂಗ ಬಿಡುಗಡೆಯಾಗುತ್ತಾನೆ ಎಂದರು. ಆದರೆ ಮನೆಯ ಬಾಟಲಿ ಯಾಕೆ ಬಂತೆಂದು ಅರ್ಜಿಯಲ್ಲಿ ಬರೆಯಲೇಬೇಕು. ಬರೆದರೆ ಅಸ್ಪೃಶ್ಯತೆಯ ಕಾಯ್ದೆಯಲ್ಲಿ ಬಕ್ಕಪ್ಪ ಕೋರ್ಟಿನ ಕಟ್ಟೆ ಹತ್ತಬೇಕು. ಆ ಬಕ್ಕಪ್ಪನ ಹೊಲದಲ್ಲೇ ಅರ್ಧ ಓಣಿ ಕೂಲಿ ಮಾಡುತ್ತಿತ್ತು.

ಮಚ್ಛೇಂದ್ರ ಅಂದು ಮೊದಲ ಸಲ ಕುರ್ಚಿ ಎಳೆದು ಕೂತ.

“ಬರಕೋರಿ ಸಾಹೇಬ್ರ. ನಾ ಮುಟ್ಟಿದ್ರ ಮೈಲಿಗಿ ಆಗ್ತದಂತ ಬಕ್ಕಪ್ಪ ಸರ್ಕಾರಿ ಬಾಟ್ಲಿ ಕೊಡಲಿಲ್ಲ.”

“ವಿಚಾರ ಮಾಡಪಾ. ನಾಳಿ ಅದೇ ಊರಾಗ ಇರಬೇಕು ನೀವು.”

“ಇರಬೇಕಂತನೇ ಬರಸ್ಲಾಕತ್ತೀನ್ರಿ,” ಎಂದ ಮಚ್ಛೇಂದ್ರ.