ಒಗ್ಗದ ಸೂಜಿ

ವೈ.ಎನ್.ಹೊಸಕೋಟೆಯಲ್ಲಿ ಕಲ್ಲೆಸೆದರೆ ಯಾರಾದರೊಬ್ಬ ಕದರಪ್ಪನಿಗೇ ಬೀಳುತ್ತದೆ. ನನ್ನ ಕ್ಲಿನಿಕ್ಕಿಗೇ ಹನ್ನೊಂದು ಮಂದಿ ಬರುತ್ತಾರೆ. ಅದಕ್ಕೇ ಮೂವತ್ತು ವರ್ಷದಿಂದ ಅವರ ಕಾರ್ಡುಗಳ ಮೇಲೆ ಮೀಸೆ ಕದರಪ್ಪ, ಟೈಲರ್ ಕದರಪ್ಪ, ರೇಡಿಯೋ ಕದರಪ್ಪ ಎಂದೇ ಬರೆದಿಟ್ಟಿದ್ದೇನೆ.

ಹೊಸದಾಗಿ ಸೇರಿದ ಡಾಕ್ಟರ್ ಶ್ರೀಲತಾ ಕಂಪ್ಯೂಟರ್ ತಂದಾಗ ಬೇಡವೆಂದೆ. "ಅದನ್ನ ನೋಡ್ತಾ ಕೂತ್ರೆ ರೋಗಿ ಮುಖ ನೋಡೋರ್ಯಾರಮ್ಮ?" ಅದು ನಿಜವೇ. ನಾನು ಎರಡು ಬೆರಳಲ್ಲಿ ಅಕ್ಷರ ಹುಡುಕುವುದನ್ನು ಕಂಡು ನರ್ಸ್ ಶಿವರಂಜನಿ ನಕ್ಕಾಳೆಂಬ ಭಯವೂ ನಿಜವೇ. ಎರಡನೆಯದನ್ನು ಯಾರಿಗೂ ಹೇಳಲಿಲ್ಲ. ಬದಲಿಗೆ ಅದರಲ್ಲಿದ್ದ 'ಅಲರ್ಜಿ' ಎಂಬ ಕಾಲಂ ಮೇಲೆ ರೇಗಿದೆ. "ನಮ್ಮ ಜನಕ್ಕೆ ಅಲರ್ಜಿ ಅಂದ್ರೆ ಮೈ ನವೆ. ಯಾವ ಔಷಧಿ ಒಗ್ಗಲ್ಲ ಅಂತ ಕೇಳ್ಬೇಕು."

ಶಿವರಂಜನಿ ನನ್ನ ಕಾರ್ಡಿನ ಡಬ್ಬ ಎತ್ತಿಕೊಂಡು ಹೋದಳು.

ಮೊನ್ನೆ ಶುಕ್ರವಾರ ಹೆಂಡತಿಯೊಡನೆ ಗೊರವನಹಳ್ಳಿಗೆ ಹೋಗಿದ್ದೆ. ದರ್ಶನ ಮುಗಿಸಿ ಫೋನ್ ನೋಡಿದರೆ ಶಿವರಂಜನಿಯ ಮೂರು ಮಿಸ್ಡ್ ಕಾಲ್. ತಿರುಗಿ ಮಾಡಿದೆ.

"ಸರ್, ಕದರಪ್ಪ ಬಂದವ್ರೆ. ಕಾಲು ಬಾವು, ಚಳಿಜ್ವರ. ಮೇಡಂ ಪೆನಿಸಿಲಿನ್ ಕೊಡೋಣ ಅಂತ, ಅಲರ್ಜಿ ಇದ್ಯಾ ಅಂದ್ರು. ಇಲ್ಲಮ್ಮ ಅಂದ್ಬುಟ್ರು."

"ಯಾವ ಕದರಪ್ಪ?"

"ರೇಡಿಯೋ."

ಹದಿನೆಂಟು ವರ್ಷದ ಹಿಂದೆ ಅದೇ ಸೂಜಿಗೆ ಅವನು ನನ್ನ ಬೆಂಚಿನ ಮೇಲೆ ಉಸಿರು ಸಿಕ್ಕದೆ ನೀಲಿಗಟ್ಟಿದ್ದ. ಚುಚ್ಚಿದವನು ನಾನೇ.

"ಕೊಟ್ಬುಟ್ರಾ?"

"ಇಲ್ಲ ಸರ್. ರೇಡಿಯೋ ಅಂತ ಹೊಡೆದೇಟ್ಗೆ ಕೆಂಪಕ್ಷರ ಬಂತು. ನಿಮ್ಮ ಕಾರ್ಡೆಲ್ಲ ಕಂಪ್ಯೂಟರ್ಗೆ ಹತ್ಸಿದ್ದೆ. ಅಲರ್ಜಿ ತೆಗೆಸಿ 'ಒಗ್ಗಲ್ಲ' ಅಂತ ಮಾಡ್ಸಿದ್ದೆ. ಮೇಡಂ ಬೇರೆ ಔಷಧಿ ಕೊಟ್ರು. ಈಗ ಟೀ ಕುಡೀತಾ ಕೂತವ್ರೆ."

ಬದುಕಿದೆಯಾ ಬಡಜೀವವೇ ಎನ್ನುತ್ತ ದೇವಸ್ಥಾನದ ಮೆಟ್ಟಿಲ ಮೇಲೇ ಕೂತುಬಿಟ್ಟೆ. ಹೆಂಡತಿ ಗಾಬರಿಯಿಂದ ನೀರು ಕೊಟ್ಟಳು. ನಾನು ಅಳುತ್ತಿದ್ದೇನೋ ನಗುತ್ತಿದ್ದೇನೋ ಅವಳಿಗೆ ಗೊತ್ತಾಗಲಿಲ್ಲ.

ಮಾರನೇ ಬೆಳಿಗ್ಗೆ ಕ್ಲಿನಿಕ್ಕಿನಲ್ಲಿ ಯಾರೂ ಇಲ್ಲದಾಗ ಕಂಪ್ಯೂಟರ್ ಮುಂದೆ ಕೂತೆ. ಯಾವ ಹೆಸರು ಹೊಡೆಯಲಿ ಎಂದು ಯೋಚಿಸಿ, ಎರಡು ಬೆರಳಲ್ಲಿ 'ನಂದೀಶ್ವರಯ್ಯ' ಎಂದು ನನ್ನದನ್ನೇ ಹೊಡೆದೆ. ಕೆಂಪಗೆ ಬಂತು. ಒಗ್ಗಲ್ಲ: ಕಂಪ್ಯೂಟರ್.

ಹಿಂದೆ ಬಳೆ ಸದ್ದಾಯಿತು. ಶಿವರಂಜನಿ ಯಾವಾಗಲೋ ಬಂದು ನಿಂತಿದ್ದಳು.

"ಅಳಿಸೋದು ಹೆಂಗಮ್ಮ?" ಎಂದೆ.

ಅವಳು ನಗಲಿಲ್ಲ. ಒಂದು ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತಳು.