ಕೂಸಿನ ಕಿವಿಗಿಂತ ಮೊದಲು

ಮತ್ತೆ ಅದೇ ಪಿಟೀಲು, ಫೋನಿನೊಳಗೆ ಯಾರೋ ಒಂದೇ ತುಣುಕನ್ನು ಕುಯ್ಯುತ್ತಿದ್ದಾರೆ, ನಿಮ್ಮ ಕರೆ ನಮಗೆ ಅಮೂಲ್ಯ, ಅಮೂಲ್ಯವಂತೆ, ಅಮೂಲ್ಯವಾಗಿದ್ದರೆ ಎತ್ತಬಾರದೇ — ವಿನೋದಿನಿ ಫೋನನ್ನು ಎಡಗಿವಿಯಿಂದ ಬಲಗಿವಿಗೆ ಬದಲಿಸಿದಳು, ಎದುರಿಗೆ ಗಾಜು, ಗಾಜಿನಾಚೆ ಬೆಚ್ಚನೆಯ ಪೆಟ್ಟಿಗೆಯಲ್ಲಿ ತಮ್ಮನ ಮಗಳು, ಅವಸರ ಮಾಡಿಕೊಂಡು ಹುಟ್ಟಿದ ಹುಡುಗಿ, ಇನ್ನೂ ಒಮ್ಮೆಯೂ ಬಾಯಿಬಿಟ್ಟು ಅತ್ತಿಲ್ಲ, ಮೂಗಿಗೆ ನಳಿಕೆ, ಟೊಪ್ಪಿಗೆ ಜಾರಿ ಒಂದು ಕಿವಿ ಮಾತ್ರ ಹೊರಗೆ, ಮಡಿಚಿಟ್ಟ ಹಾಗೆ, ಹುಣಸೆ ಚಿಗುರಿನಷ್ಟು. ಕಾಲಿನ ಪಟ್ಟಿಯಲ್ಲಿ ಬೇಬಿ ಆಫ್ ರಾಧಿಕಾ ಎಂದಿದೆ, ಎಲ್ಲ ರಾಮಾಯಣ ಅಲ್ಲಿಂದಲೇ ಶುರು, ವಿಮೆ ಕಂಪನಿಯ ಪ್ರಕಾರ ರಾಧಿಕಾ ಇದ್ದಾಳೆ, ಅವಳ ಗಂಡ ಕಿಶೋರ ಇದ್ದಾನೆ, ಬೇಬಿ ಆಫ್ ರಾಧಿಕಾ ಎಂಬ ವ್ಯಕ್ತಿ ಪಾಲಿಸಿಯಲ್ಲಿ ಇಲ್ಲ, ಮ್ಯಾಡಮ್ ಬೇಬಿ ಕಾ ನಾಮ್ ಬತಾಯಿಯೆ, ಇನ್ನೂ ಹೆಸರಿಟ್ಟಿಲ್ಲ ಎಂದು ನಿನ್ನೆ ನಿಜ ಹೇಳಿದ್ದೇ ತಪ್ಪಾಯಿತು, ಹೆಸರಿಲ್ಲದವರಿಗೆ ಮಂಜೂರಾತಿ ಇಲ್ಲ, ಸಂಜೆಯೊಳಗೆ ಮಂಜೂರಾತಿ ಬಾರದಿದ್ದರೆ ಕೂಸನ್ನು ಬೇರೆ ಆಸ್ಪತ್ರೆಗೆ ಒಯ್ಯಿರಿ ಎನ್ನುತ್ತಾನೆ ಕೌಂಟರಿನವನು, ಈ ಸ್ಥಿತಿಯಲ್ಲಿ ಕದಲಿಸಲೇಬೇಡಿ ಎನ್ನುತ್ತಾರೆ ಡಾಕ್ಟರು, ಇಬ್ಬರೂ ಒಂದೇ ಲಿಫ್ಟಿನಲ್ಲಿ ಇಳಿದು ಹೋಗುತ್ತಾರೆ, ಒಬ್ಬರೊಡನೊಬ್ಬರು ಮಾತಾಡಿಕೊಳ್ಳಬಾರದೇ, ಬಾಯಿ ಬಾಡಿಗೆಗೆ ಕೊಟ್ಟಿದ್ದಾರೆಯೇ.

ಒಂದು ಹೆಸರು ಹೇಳಿ ಕೈತೊಳೆದುಕೊಳ್ಳೋಣ ಅಂದರೆ ಅವ್ವ ಇದ್ದಾಳಲ್ಲ, ಬೆಂಚಿನ ತುದಿಯಲ್ಲಿ ಕೂತ ರಾಚವ್ವ, ವಿಜಯಪುರ ಬಿಟ್ಟು ಕುರ್ಲಾದಲ್ಲಿ ಮುದುಕಿಯಾದರೂ ಹಟ ಮಾತ್ರ ಅಲ್ಲಿಯದೇ, ತೊಟ್ಟಲದಾಗ ಹಾಕೂತನಕ ಹೆಸರ ಎತ್ತಬ್ಯಾಡ್ರಿ, ಮದಲ ಸ್ವಾದರತ್ತಿ ಕಿವ್ಯಾಗ ಹೇಳಬೇಕು, ಹೆಸರ ಹಿಡದ ಕರದಮ್ಯಾಲ ಕೂಸಿನ್ನ ಬಿಡಾಕ ಆಗೂದಿಲ್ಲವ್ವಾ — ಸೋದರತ್ತೆ ಎಂದರೆ ತಾನೇ, ಕುರ್ರ್ ಎಂದು ಕಿವಿಯಲ್ಲಿ ಹೆಸರು ಉಸುರುವವಳು, ಉಸುರಿದ ತಕ್ಷಣ ಸುತ್ತಲಿನ ಹೆಂಗಸರಿಂದ ಬೆನ್ನಿಗೆ ಗುದ್ದು ತಿನ್ನುವವಳು, ರಾಧಿಕಾ ಬಸುರಿ ಎಂದು ತಿಳಿದ ದಿನದಿಂದ ಆ ಗುದ್ದಿಗಾಗಿ ಕಾದವಳು, ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಆ ಹೆಸರನ್ನು ಮನಸ್ಸಿನೊಳಗೇ ಅಂದುಕೊಂಡು ಖುಷಿಪಟ್ಟವಳು, ಅದನ್ನೀಗ ಹೆಡ್‌ಫೋನ್ ಹಾಕಿಕೊಂಡ ಯಾವನದೋ ಕಿವಿಗೆ ಹೇಳಬೇಕೇ. ಯಾವದರ ಒಂದ ಹೆಸರ ಹೇಳಿಬಿಡಕ್ಕಾ, ಮುಂದ ಬದಲಿ ಮಾಡೋಣು, ಎಂದಿದ್ದ ಕಿಶೋರ, ಬದಲಿ ಮಾಡಿದರೆ ಮತ್ತೆ ಮೊದಲಿನಿಂದ ಇದೇ ಪಿಟೀಲು, ಬೇಡಪ್ಪ. ಪಿಟೀಲು ನಿಂತಿತು, ಹಾಂ ಮ್ಯಾಡಮ್, ಬೇಬಿ ಕಾ ನಾಮ್, ಅವ್ವ ಈ ಕಡೆಯೇ ನೋಡುತ್ತಿದ್ದಾಳೆ, ಗಾಜಿನಾಚೆ ನರ್ಸ್ ಏನೋ ತಿರುಗಿಸಿದಳು, ಪುಟ್ಟ ಎದೆ ಏರಿತು, ಇಳಿಯಿತು, ತಡೆದು ಮತ್ತೆ ಏರಿತು, ಇಂಚರಾ, ಎಂದಳು ವಿನೋದಿನಿ, ಇಂಚರಾ, ಲಿಖಿಯೆ — ಬೆನ್ನಿಗೊಂದು ಗುದ್ದು ಬಿತ್ತು, ಸಣ್ಣ ಗುದ್ದು, ಅವ್ವ ಯಾವಾಗ ಎದ್ದು ಬಂದಳೋ, ಗುದ್ದಿದ ಕೈಯನ್ನು ಅಲ್ಲಿಯೇ ಬಿಟ್ಟಿದ್ದಾಳೆ, ಹೋಲ್ಡ್ ಕೀಜಿಯೆ ಮ್ಯಾಡಮ್, ಮತ್ತೆ ಪಿಟೀಲು, ಹೆಸರು ಎಲ್ಲಿಯದೋ ಕಚೇರಿಗೆ ಹೋಗಿ ಸೇರಿತು, ಈ ಗಾಜು ದಾಟಲಿಲ್ಲ, ಗಾಜಿನಾಚೆ ಆ ಕಿವಿ, ಮಡಿಚಿಟ್ಟ ಕಿವಿ, ಇನ್ನೂ ಏನೂ ಕೇಳಿರದ ಆ ಕಿವಿ